ಹಳೇ 100 ವಾಟ್ ಮಾರ್ಷಲ್ ಗಿಟಾರ್ ಆಂಪ್ ತಗೊಂಡೆ, ಈಗ ಏನು ಮಾಡಲಿ?

ಪೇಢಾ ಪ್ಲೇಯರ್, ಕೊಥ್ರೂಡ್, ಪುಣೆ

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ತಲೆ ಸರಿ ಇದ್ದವರು ಮಾಡುವ ಕೆಲಸ ಅಲ್ಲ ಇದು. ಹೋದ ತಿಂಗಳು ಒಂದು ಹಳೇ ಮಾರ್ಷಲ್ ಸೂಪರ್ ಲೀಡ್ ಹೆಡ್ಡು (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ), ಅದರ ಜೊತೆ ನಾಲ್ಕು ಸ್ಪೀಕರಿನ ಕ್ಯಾಬಿನೆಟ್ಟು ತಗೊಂಡೆ. ಗಾಜಿನ ವಾಲ್ವ್‌ಗಳ ಹಳೇ ಕಾಲದ ಆಂಪ್, 100 ವಾಟ್, ಕೊನೆಯ ಸದ್ದನ್ನು ಬೇರೆಯಾಗಿ ಇಳಿಸುವ ಮಾಸ್ಟರ್ ವಾಲ್ಯೂಮ್ ಇಲ್ಲ. ಮಾರಿದವರು ಊರು ಬಿಡುತ್ತಿದ್ದರು, ರೇಟು ಕಡಿಮೆ ಹೇಳಿದರು. ಧಾರವಾಡದಲ್ಲಿ ಓದುವಾಗ ರೂಮಿನ ಗೋಡೆ ಮೇಲಿದ್ದ ಪೋಸ್ಟರಿನಲ್ಲಿ ಇದೇ ಕರಿ ಪೆಟ್ಟಿಗೆ ಇತ್ತು. ನನಗೆ ಅಷ್ಟು ಕಾರಣ ಸಾಕಾಯಿತು.

ಕ್ಯಾಬಿನೆಟ್ಟಿನ ತೂಕ 36 ಕಿಲೋ. ನಮ್ಮದು ಮೂರನೇ ಮಹಡಿ, ಲಿಫ್ಟ್ ಬಂದ್. ನಾನು ಮತ್ತು ನಮ್ಮ ಡ್ರಮ್ಮರ್ ಮೆಟ್ಟಿಲು ಮೆಟ್ಟಿಲಿಗೂ ದೇವರ ಹೆಸರು ಹೇಳುತ್ತಾ ಎತ್ತಿದೆವು. ಎರಡನೇ ಮಹಡಿಯ ತಿರುವಿನಲ್ಲಿ ಕೆಳಗಿನ ಮನೆ ಕಾಕೂ ಬಾಗಿಲು ತೆಗೆದು "ಫ್ರಿಜ್ ಘೇತಲಾ ಕಾ?" (ಫ್ರಿಜ್ ತಗೊಂಡ್ರಾ?) ಎಂದು ಕೇಳಿದರು. ಹೌದು ಕಾಕೂ ಎಂದೆ. ಆ ಸುಳ್ಳು ಒಂದೇ ದಿನ ಬಾಳಿತು.

ಮರುದಿನ ವಾಲ್ಯೂಮ್ 1ಕ್ಕೆ ಇಟ್ಟೆ. ಸೊಳ್ಳೆ ಗುಂಯ್ ಅಂದ ಹಾಗೆ. ಒಂದೂವರೆಗೆ ಪರವಾಗಿಲ್ಲ. 2ಕ್ಕೆ ತಂದು ಎ ಸ್ಟ್ರಿಂಗ್ ಒಂದು ಹೊಡೆದೆ ನೋಡಿ, ಅಡುಗೆಮನೆಯಲ್ಲಿ ಅವಲಕ್ಕಿ ಡಬ್ಬಿಯ ಮುಚ್ಚಳ ಝಿರ್ರ್ ಎಂದು ಹಾಡಲು ಶುರು ಮಾಡಿತು. ಬೇರೆ ಸ್ಟ್ರಿಂಗಿಗೆ ಸುಮ್ನೆ ಇರುತ್ತದೆ, ಎ ಬಂತು ಅಂದರೆ ಸಾಕು. ಐದು ನಿಮಿಷಕ್ಕೆ ಕಾಕೂ ಮೇಲೆ ಬಂದರು. ಗಣಪತಿ ಹಬ್ಬದಲ್ಲಿ ಮೂವತ್ತು ಢೋಲಿನ ಪಥಕ ಅವರ ಕಿಟಕಿ ಕೆಳಗೇ ಹೋಗುತ್ತದೆ, ಅವಾಗ ಚಪ್ಪಾಳೆ ತಟ್ಟುತ್ತಾರೆ. ಇರಲಿ, ಅದು ದೇವರದ್ದು.

ಪ್ರಾಕ್ಟೀಸ್ ರೂಮಿಗೆ ಒಯ್ದೆ. 4ಕ್ಕೆ ಇಟ್ಟೆ. ಹಾಡುವವಳು ಮೂರನೇ ಹಾಡಿಗೆ ಮೈಕ್ ಕೆಳಗಿಟ್ಟು, "ನಾನು ಹಾಡ್ತಿದ್ದೀನೋ ಬರೇ ಬಾಯಿ ಆಡಿಸ್ತಿದ್ದೀನೋ ನನಗೇ ಗೊತ್ತಾಗ್ತಿಲ್ಲ" ಎಂದಳು. ನನಗೋ ಅಷ್ಟಕ್ಕೂ ಸಮಾಧಾನ ಇಲ್ಲ. ರೆಕಾರ್ಡಿನಲ್ಲಿ ಕೇಳಿದ ಆ ದಪ್ಪ, ಹರಿದ ದನಿ 4ರಲ್ಲಿ ಪೂರ್ತಿ ಬರುವುದಿಲ್ಲ, ಬಾಗಿಲ ಹಿಂದೆ ನಿಂತು ಇಣುಕುತ್ತದೆ ಅಷ್ಟೆ.

ಇಂಥ ಆಂಪ್ ಇಟ್ಟುಕೊಂಡವರು ಇದ್ದೀರಾ? ಹೇಗೆ ಬಾಳುತ್ತೀರಿ? ಇನ್ನೊಂದು: ಆ ಪ್ರಾಕ್ಟೀಸ್ ಆದ ಮೇಲೆ ಎರಡು ದಿನ ಎಡಗಿವಿಯಲ್ಲಿ ಕುಂಯ್ ಎನ್ನುತ್ತಿತ್ತು. ಈಗ ಇಲ್ಲ. ಇದು ಮಾಮೂಲೇ?

ರಾತ್ರಿ ಪಾಳಿ, ನವಿ ಮುಂಬೈ

ಮಾರಿಬಿಡಿ. ಈಗ ಮೊಬೈಲಿನಲ್ಲೇ ಆಂಪ್ ಬರುತ್ತೆ, ಹೆಡ್‌ಫೋನ್ ಹಾಕಿ ಎಷ್ಟು ಬೇಕೋ ಅಷ್ಟು ಬಾರಿಸಿ. ಕಾಕೂಗೂ ನೆಮ್ಮದಿ.

ಸೋಲ್ಡರ್ ಸುಬ್ಬ, ಪುಣೆ

ಪೇಢಾ ಅವರೇ, ಮಾರಬೇಡಿ. ಆದರೆ ಮೊದಲು ಒಂದು ಮಾತು. ಕ್ಯಾಬಿನೆಟ್ ಜೋಡಿಸದೆ ಆ ಹೆಡ್ ಆನ್ ಮಾಡಲೇಬೇಡಿ. ಸದ್ದು ಬೇಡ ಅಂತ ಸ್ಪೀಕರ್ ವೈರ್ ಕಿತ್ತಿಟ್ಟು, ಆಂಪ್ ಬಾರಿಸಿ ಕೆಡಿಸಿಕೊಂಡವರು ನನ್ನ ಹತ್ತಿರ ಬಂದಿದ್ದಾರೆ. ವಾಲ್ವ್ ಆಂಪ್‌ಗೆ ಲೋಡ್, ಅಂದರೆ ಅದರ ಪವರ್ ತಗೊಳ್ಳುವ ಸ್ಪೀಕರ್, ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ವಿಪರೀತ ಏರಿ ಒಳಗಿನ ಇನ್ಸುಲೇಶನ್ ಹೋಗುತ್ತದೆ.

ಬೇರೆಯವರನ್ನು ಯಾಕೆ ಆಡಿಕೊಳ್ಳಲಿ, ನಾನೇ ಒಂದು ಸುಟ್ಟಿದ್ದೇನೆ. ಹುಬ್ಬಳ್ಳಿಯಲ್ಲಿ ಒಂದು ಕಾಲೇಜು ಫಂಕ್ಷನ್. ಸ್ಪೀಕರ್ ಕೇಬಲ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ಜ್ಯಾಕ್ ಒಂದೇ ಥರ ಇದೆಯಲ್ಲ ಎಂದು ಹೆಡ್ಡಿನಿಂದ ಕ್ಯಾಬಿನೆಟ್ಟಿಗೆ ಗಿಟಾರ್ ಕೇಬಲ್ ಹಾಕಿದೆ. ಗಿಟಾರ್ ಕೇಬಲ್ ಒಳಗಿನ ತಂತಿ ಕೂದಲಿನಷ್ಟು, ಅದರಲ್ಲಿ ಹರಿಯಬೇಕಾದ್ದು 100 ವಾಟ್. ಮೂರನೇ ಹಾಡಿನಲ್ಲಿ ಕೇಬಲ್ ಬೆಚ್ಚಗಾಗಿ ಕಿತ್ತುಕೊಂಡಿತು. ಆಂಪ್ ಮಾತ್ರ ಆನ್ ಇತ್ತು. ವಾರ್ನಿಶ್ ಸುಟ್ಟ ವಾಸನೆ ಬಂದಾಗ ಹಿಂದೆ ಯಾರೋ ಬೀಡಿ ಹಚ್ಚಿದ್ದಾರೆ ಅಂದುಕೊಂಡೆ. ರೀವೈಂಡಿಂಗ್‌ಗೆ ಕೊಟ್ಟು ಎರಡು ವಾರ ಕಾದೆ. ತಾಪ್ಕೀರ್ ಗಲ್ಲಿಗೆ ಹೋಗಿ ದಪ್ಪ ಎರಡೆಳೆ ಸ್ಪೀಕರ್ ವೈರು, ಎರಡು ಜ್ಯಾಕ್ ತನ್ನಿ. ಇವತ್ತೇ.

ಈಗ ನಿಮ್ಮ ಪ್ರಶ್ನೆ. ನಿಮಗೆ ಬೇಕಾದ ದನಿ ಬರುವುದು ಹಿಂದೆ ನಿಂತಿರುವ ನಾಲ್ಕು ಇಎಲ್34 ವಾಲ್ವ್‌ಗಳು ಏದುಸಿರು ಬಿಡುವಾಗ. ನೀವು 2ರಲ್ಲಿ ಬಾರಿಸಿದರೆ ಅವು ನಿದ್ದೆಯಲ್ಲೇ ಕೆಲಸ ಮುಗಿಸುತ್ತವೆ. ಎಬ್ಬಿಸಬೇಕು ಅಂದರೆ ಜೋರಾಗಲೇಬೇಕು. ಆ ಆಂಪ್ ಹುಟ್ಟಿದ್ದೇ ಜೋರಿಗೆ. 1965ರ ಸುಮಾರಿಗೆ ಲಂಡನ್ನಿನಲ್ಲಿ ಹಾಡುಗಾರರ ದನಿಯನ್ನು ಹಾಲಿಗೆ ಮುಟ್ಟಿಸುವ ಪಿಎ ಸಿಸ್ಟಮ್ ತೀರಾ ಬಡಕಲು, ಗಿಟಾರಿನ ಸದ್ದು ಹಾಲ್ ತುಂಬಬೇಕು ಅಂದರೆ ಆಂಪ್‌ನಿಂದಲೇ ತುಂಬಬೇಕು. ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ ಹೋಗಿ ಇನ್ನೂ ಜೋರು ಬೇಕು ಎಂದು ಈ ಆಂಪ್ ಕಂಪನಿಯ ಜಿಮ್ ಮಾರ್ಷಲ್ ಅವರ ತಲೆ ತಿಂದರು, 100 ವಾಟ್ ಬಂತು. ಅಂದಹಾಗೆ ನಿಮ್ಮ ಮಾಡೆಲ್ಲಿನ ಹೆಸರು 1959. ಅದು ನಂಬರ್, ಹುಟ್ಟಿದ ವರ್ಷ ಅಲ್ಲ. 1959ರ ಆಂಪ್ ಎಂದು ಯಾರಾದರೂ ದುಬಾರಿ ರೇಟು ಹೇಳಿದ್ದರೆ ಒಂದು ಸಲ ನಕ್ಕುಬಿಡಿ.

ಎರಡು ವಾಲ್ವ್ ಕಿತ್ತರೆ ಸದ್ದು ಅರ್ಧ ಆಗುತ್ತೆ ಅಂತ ಯಾರಾದರೂ ಹೇಳುತ್ತಾರೆ. ಆಗಲ್ಲ. ವಾಟ್ ಅರ್ಧ ಆಗುತ್ತದೆ, ಸದ್ದು ಇಳಿಯುವುದು ಬರೀ 3 ಡೆಸಿಬಲ್. ಕಿವಿಗೆ ಅರ್ಧ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು, ಅಂದರೆ ವಾಟ್ ಹತ್ತನೇ ಒಂದು ಭಾಗ ಆಗಬೇಕು. ಪಕ್ಕದ ಮನೆ ಹುಡುಗನ 10 ವಾಟ್ ಆಂಪ್ ನಿಮ್ಮ 100ರ ಅರ್ಧದಷ್ಟು ಕೇಳುತ್ತದೆ. ಲೆಕ್ಕ ವಿಚಿತ್ರ, ಆದರೆ ಕಿವಿ ಇರುವುದೇ ಹಾಗೆ. ಆದರೂ ಕಿತ್ತು ನೋಡುತ್ತೇನೆ ಅಂದರೆ ಹೊರಗಿನ ಎರಡನ್ನೂ ಕೀಳಿ, ಇಲ್ಲವೇ ಒಳಗಿನ ಎರಡನ್ನೂ. ಹೆಡ್ಡಿನ ಹಿಂದಿನ ಓಮ್ಸ್ ಸ್ವಿಚ್ಚನ್ನು ಕ್ಯಾಬಿನೆಟ್ 16 ಓಮ್ ಇದ್ದರೆ 8ಕ್ಕೆ ಇಳಿಸಿ. ಗೊತ್ತಾಗದಿದ್ದರೆ ಕೈ ಹಾಕಬೇಡಿ, ಒಳಗೆ ಕೊಲ್ಲುವಷ್ಟು ವೋಲ್ಟೇಜ್ ಇರುತ್ತದೆ, ಆಫ್ ಮಾಡಿದ ಮೇಲೂ.

ನಿಮಗೆ ಬೇಕಾದ್ದು ಅಟೆನ್ಯುಯೇಟರ್. ಹೆಡ್ಡಿಗೂ ಕ್ಯಾಬಿನೆಟ್ಟಿಗೂ ನಡುವೆ ಕೂರುವ ಡಬ್ಬಿ, ಬರುವ ಪವರ್ ತಿಂದು ಬಿಸಿ ಮಾಡಿ ಬಿಡುತ್ತದೆ. ಬರೀ 100 ವಾಟ್ ಮಾತ್ರ ತಡೆಯುವುದನ್ನು ತರಬೇಡಿ. ಪೂರ್ತಿ ತಿರುಗಿಸಿದಾಗ ಈ ಆಂಪ್ 100 ದಾಟುತ್ತದೆ. ತೀರಾ ಇಳಿಸಿದರೆ ದನಿ ಸಪ್ಪೆ ಅನ್ನಿಸುತ್ತದೆ. ಅದರಲ್ಲಿ ಡಬ್ಬಿಯ ತಪ್ಪು ಸ್ವಲ್ಪ, ಕಿವಿಯದ್ದು ಜಾಸ್ತಿ. ಸದ್ದು ಸಣ್ಣಗಾದಾಗ ನಮಗೆ ಕೆಳಗಿನ ಸ್ವರ, ಮೇಲಿನ ಸ್ವರ ಎರಡೂ ಮಧ್ಯದ್ದಕ್ಕಿಂತ ಕಡಿಮೆ ಕೇಳುತ್ತವೆ. ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಅಳೆದು ಇಟ್ಟಿದ್ದಾರೆ.

ಮಾಟುಂಗಾ ಮಾಣಿ, ಮುಂಬೈ

ತಮ್ಮಾ ಪೇಢಾ, ಸುಬ್ಬ ಆಂಪಿನ ಕಥೆ ಹೇಳಿದರು, ನಾನು ಕಿವಿಯದ್ದು ಹೇಳುತ್ತೇನೆ.

ನಮ್ಮದು ಹೋಟೆಲ್ ಮನೆತನ. ಬೆಳಿಗ್ಗೆ ಗಲ್ಲೆಯಲ್ಲಿ ಕೂರುವುದು, ಸಂಜೆ ಗಿಟಾರ್. 90ರ ದಶಕದಲ್ಲಿ ಧೋಬಿ ತಲಾವಿನ ರಂಗಭವನದಲ್ಲಿ ಇಂಡಿಪೆಂಡೆನ್ಸ್ ರಾಕ್ ಎಂಬ ರಾಕ್ ಸಂಗೀತದ ಹಬ್ಬ ನೋಡಿ ಬಂದು ಹುಚ್ಚು ಹಿಡಿಸಿಕೊಂಡವ ನಾನು. ಆಮೇಲೆ ಆ ಜಾಗವೇ ಸೈಲೆನ್ಸ್ ಝೋನ್ ಆಯಿತು, ಪಕ್ಕದಲ್ಲಿ ಆಸ್ಪತ್ರೆ, ಕಾಲೇಜು. ನಮ್ಮ ಪ್ರಾಕ್ಟೀಸ್ ಪರೇಲಿನ ಒಂದು ಗೋಡೌನಿನಲ್ಲಿ. ತಗಡಿನ ಮಾಡು. ನನ್ನ ಜಾಗ ಮೂಲೆಯಲ್ಲಿ: ಹಿಂದೆ ನನ್ನದೇ ಕ್ಯಾಬಿನೆಟ್, ಎಡಕ್ಕೆ ಒಂದು ಮೊಳ ದೂರದಲ್ಲಿ ಡ್ರಮ್ಮಿನ ಸಿಂಬಲ್ ತಟ್ಟೆ. ಎಂಟು ವರ್ಷ ಅಲ್ಲೇ ನಿಂತೆ. ಪ್ರತಿ ಸಲ ಕುಂಯ್ ಎನ್ನುತ್ತಿತ್ತು, ಪ್ರತಿ ಸಲ ಎರಡು ದಿನಕ್ಕೆ ಹೋಗುತ್ತಿತ್ತು. ನಿನಗೆ ಹೋದ ಹಾಗೆಯೇ. ಹತ್ತಿ ಇಟ್ಟುಕೊಳ್ಳುತ್ತಿದ್ದೆ, ಅದು ಏನೂ ತಡೆಯುವುದಿಲ್ಲ ಮಾರಾಯ, ಸ್ವಲ್ಪ ಮೇಲಿನ ದನಿ ಮಬ್ಬು ಮಾಡುತ್ತದೆ ಅಷ್ಟೆ.

ಒಂದು ರಾತ್ರಿ ಎರಡು ಗಂಟೆಗೆ ಎಚ್ಚರ ಆಯಿತು. ಫ್ರಿಜ್ ಸಣ್ಣಗೆ ಕೂಗುತ್ತಿತ್ತು. ಎದ್ದು ಹೋಗಿ ಫ್ರಿಜ್ಜಿನ ಮೈಗೆ ಒಂದು ಗುದ್ದಿದೆ. ನಿಲ್ಲಲಿಲ್ಲ. ಪ್ಲಗ್ ಕಿತ್ತೆ. ನಿಲ್ಲಲಿಲ್ಲ. ಫ್ಯಾನ್ ಆಫ್ ಮಾಡಿದೆ, ಮೇನ್ ಸ್ವಿಚ್ಚೇ ಇಳಿಸಿದೆ. ಕತ್ತಲೆಯಲ್ಲಿ ಪ್ಲಗ್ ಕೈಯಲ್ಲಿ ಹಿಡಿದು ನಿಂತಿದ್ದೇನೆ, ಕೂಗು ಹಾಗೇ ಇದೆ. ಹೆಂಡತಿ ಎದ್ದು ಬಂದು ಟಾರ್ಚ್ ಹಿಡಿದು, "ಏನು ಹುಡುಕ್ತಿದ್ದೀರಿ?" ಎಂದಳು. ಏನು ಹೇಳುವುದು? ಅದು 2004. ಆವತ್ತಿನಿಂದ ನಿಂತಿಲ್ಲ. ಈಗ ಬರೆಯುವಾಗಲೂ ಇದೆ.

ಡಾಕ್ಟರು ಕಿವಿ ಪರೀಕ್ಷೆ ಮಾಡಿಸಿದರು. ಚೀಟಿಯಲ್ಲಿ ಗೆರೆ ನೆಟ್ಟಗೆ ಬಂದು 4000 ಹರ್ಟ್ಜ್ ಹತ್ತಿರ ಗುಂಡಿಗೆ ಬಿದ್ದು ಮತ್ತೆ ಎದ್ದಿತ್ತು. ಜೋರು ಸದ್ದು ಕೇಳಿದವರ ಕಿವಿಯ ಗುರುತೇ ಅದಂತೆ. ಒಳಗಿನ ಕೂದಲಿನಂಥ ಜೀವಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗಿಟಾರ್ ನನಗೆ ಈಗಲೂ ಚೆನ್ನಾಗಿಯೇ ಕೇಳುತ್ತದೆ. ಕೇಳದಿರುವುದು ಮಾತು. "ಸ" ಹೋಗಿದೆ. ಗಲಾಟೆ ಹೊತ್ತಿನಲ್ಲಿ ಹುಡುಗರು "ಸಾದಾ" ಎಂದು ಕೂಗಿದರೆ ನನಗೆ "ಆದಾ" ಎಂದು ಕೇಳುತ್ತದೆ. ಏನು ಆಯಿತು ಎಂದು ಕೇಳುತ್ತೇನೆ, ಅವರು ನಗುತ್ತಾರೆ.

ಲೆಕ್ಕ ಬೇಕಾದರೆ ಕೇಳು. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಯಾಶ್ ಸಂಸ್ಥೆಯ ಮಿತಿ 85 ಡೆಸಿಬಲ್ಲಿಗೆ ದಿನಕ್ಕೆ ಎಂಟು ಗಂಟೆ. ಪ್ರತಿ 3 ಏರಿದಾಗ ಹೊತ್ತು ಅರ್ಧ. 100ಕ್ಕೆ ಬಂದಾಗ ಕಾಲು ಗಂಟೆ. ನಿನ್ನ ಪ್ರಾಕ್ಟೀಸ್ ಎಷ್ಟು ಹೊತ್ತು? ದ ಹೂ 1976ರಲ್ಲಿ ಚಾರ್ಲ್ಟನ್ ಮೈದಾನದಲ್ಲಿ 32 ಮೀಟರ್ ದೂರದಲ್ಲಿ ಅಳೆದಾಗ 126 ಡೆಸಿಬಲ್ ಮುಟ್ಟಿಸಿ ಗಿನ್ನೆಸ್ ದಾಖಲೆ ಮಾಡಿದರು. ಕಿವಿ ಹಾಳು ಮಾಡಿಕೊಳ್ಳಲು ಪೈಪೋಟಿ ಬೇಡ ಎಂದು ಆಮೇಲೆ ಗಿನ್ನೆಸ್‌ನವರು ಆ ದಾಖಲೆಯನ್ನೇ ಕೈಬಿಟ್ಟರು.

ರಾತ್ರಿ ಪಾಳಿ ಅವರೇ, ನಿಮಗೂ ಒಂದು ಮಾತು. ಟೌನ್‌ಶೆಂಡ್ ತನ್ನ ಕಿವಿ ಕೆಟ್ಟದ್ದಕ್ಕೆ ದೂರಿದ್ದು ಸ್ಟೇಜನ್ನಲ್ಲ, ಸ್ಟುಡಿಯೋದ ಹೆಡ್‌ಫೋನನ್ನು. ಮೊಬೈಲ್ ಆಂಪ್ ಆದರೂ ಎಷ್ಟು ಬೇಕೋ ಅಷ್ಟು ಬಾರಿಸುವುದು ಬೇಡ.

ಸಂಗೀತಗಾರರಿಗೆ ಅಂತಲೇ ಕಿವಿಗೆ ಇಡುವ ಪ್ಲಗ್ ಬರುತ್ತವೆ ತಮ್ಮಾ, ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತವೆ. ಅಟೆನ್ಯುಯೇಟರಿಗಿಂತ ಮೊದಲು ಅದನ್ನು ತಗೋ.

ಕಾಣಕೋಣ ಕಾರ್ನರ್, ಗೋವಾ

ಕಾರವಾರದವನು, ಹೊಟ್ಟೆಪಾಡು ಗೋವಾದಲ್ಲಿ. ಶ್ಯಾಕು (ಬೀಚಿನ ಗುಡಿಸಲು ಹೋಟೆಲು), ಮದುವೆ, ಎಲ್ಲಾ ಕಡೆ ಬಾರಿಸುತ್ತೇನೆ.

ನಮ್ಮ ಕಡೆ ಸಮಸ್ಯೆ ಉಲ್ಟಾ. ಬೀಚಿನಲ್ಲಿ ಗೋಡೆ ಇಲ್ಲ, ಸದ್ದು ವಾಪಸ್ ಬರಲ್ಲ, ಹೊರಗೆ ಹೋಗಿದ್ದು ಹೋಗೇಬಿಡ್ತು. ಕೇಳಿಸುತ್ತಿಲ್ಲ ಅಂತ ಏರಿಸಿದೆ, ಏರಿಸಿದೆ. ಎದುರಿನ ಮೇಜಿನಲ್ಲಿ ಕೂತಿದ್ದ ವಯಸ್ಸಾದ ಗಂಡಹೆಂಡತಿ ಊಟದ ತಟ್ಟೆ ಎತ್ತಿಕೊಂಡು ಪಕ್ಕಕ್ಕೆ ಹೋದರು. ಏನೂ ಹೇಳಲಿಲ್ಲ. ಬ್ರೇಕಿನಲ್ಲಿ ಹೋಗಿ ಆ ಕುರ್ಚಿಯಲ್ಲಿ ನಾನೇ ಕೂತೆ, ನಮ್ಮ ಹುಡುಗನಿಗೆ ಬಾರಿಸಲು ಹೇಳಿದೆ. ಅಯ್ಯಪ್ಪಾ! ಹಲ್ಲು ಡಾಕ್ಟರ ಡ್ರಿಲ್ ಇದ್ದ ಹಾಗೆ. ಗಿಟಾರ್ ಸ್ಪೀಕರಿನ ಚೂಪು ದನಿ ಟಾರ್ಚಿನ ಬೆಳಕಿನ ಥರ ನೆಟ್ಟಗೆ ಹೋಗುತ್ತದೆ. ನಾವು ಪಕ್ಕದಲ್ಲಿ ನಿಂತಿರುತ್ತೇವೆ, ಆಂಪ್ ನಮ್ಮ ಮೊಣಕಾಲಿಗೆ ಬಾರಿಸುತ್ತಿರುತ್ತದೆ, ಜನರ ಮುಖಕ್ಕೆ ಹೊಡೆಯುತ್ತಿರುತ್ತದೆ. ಮೊಣಕಾಲಿಗೆ ಕಿವಿ ಇಲ್ಲವಲ್ಲ. ನಾವು ಇನ್ನೂ ಟ್ರೆಬಲ್ ಏರಿಸುತ್ತೇವೆ!

ಅವತ್ತಿನಿಂದ ಆಂಪನ್ನು ಬಿಯರ್ ಕ್ರೇಟ್ ಮೇಲೆ ಹತ್ತಿಸಿ ಹಿಂದಕ್ಕೆ ವಾಲಿಸುತ್ತೇನೆ, ನನ್ನ ಮುಖಕ್ಕೇ ಬರುವ ಹಾಗೆ. ನಾನಾಗಿಯೇ ವಾಲ್ಯೂಮ್ ಇಳಿಸಿದೆ. 36 ಕಿಲೋದ್ದನ್ನು ಕ್ರೇಟ್ ಮೇಲೆ ಏರಿಸಬೇಡಿ ಮತ್ತೆ, ಕಾಲ ಮೇಲೆ ಬೀಳುತ್ತೆ.

ರಾತ್ರಿ 10ಕ್ಕೆ ಇಲ್ಲಿ ಸ್ಪೀಕರ್ ಬಂದ್. ಕಾಯ್ದೆ ಇಡೀ ದೇಶಕ್ಕೆ ಇದೆ, 2000ದ್ದು, ರಾತ್ರಿ 10ರಿಂದ ಬೆಳಿಗ್ಗೆ 6. ಪಾಳೊಳೆಂ ಬೀಚಿನಲ್ಲಿ ಜನ ಹೆಡ್‌ಫೋನ್ ಹಾಕಿ ಕುಣಿಯಲು ಶುರು ಮಾಡಿದ್ದು ಇದಕ್ಕೇ. ದೂರದಿಂದ ನೋಡಿದರೆ ಐವತ್ತು ಜನ ಸದ್ದೇ ಇಲ್ಲದೆ ಕುಣಿಯುತ್ತಿರುತ್ತಾರೆ, ಮೈಮೇಲೆ ದೇವರು ಬಂದ ಹಾಗೆ. ಕೇಳಿಸುವುದು ಅವರ ಚಪ್ಪಲಿ ಸದ್ದು ಮಾತ್ರ.

ಪೇಢಾ ಪ್ಲೇಯರ್, ಕೊಥ್ರೂಡ್, ಪುಣೆ

ಮೂರು ವಾರ ಆಯಿತು, ಬಂದು ವರದಿ ಒಪ್ಪಿಸುತ್ತಿದ್ದೇನೆ. ಸುಬ್ಬಣ್ಣ, ಸ್ಪೀಕರ್ ಕೇಬಲ್ ನೋಡಿದೆ. ಮಾರಿದವರು ಕೊಟ್ಟಿದ್ದು ಗಿಟಾರ್ ಕೇಬಲ್ಲೇ! ಒಂದು ತಿಂಗಳು ಅದರಲ್ಲೇ ಬಾರಿಸಿದ್ದೇನೆ. ಅವತ್ತೇ ತಾಪ್ಕೀರ್ ಗಲ್ಲಿಗೆ ಓಡಿದೆ.

ಮಾಣಿ ಅಣ್ಣ, ಫ್ರಿಜ್ ಓದಿದ ರಾತ್ರಿ ನಾನೂ ನಮ್ಮನೆ ಫ್ರಿಜ್ ಹತ್ತಿರ ಹೋಗಿ ಪ್ಲಗ್ ಕಿತ್ತು ನಿಂತೆ. ಸದ್ದು ನಿಂತಿತು. ಅಷ್ಟು ಖುಷಿ ಯಾವ ಸೋಲೋ ಬಾರಿಸಿದಾಗಲೂ ಆಗಿಲ್ಲ. ಕಿವಿಯ ಪ್ಲಗ್ ತರಿಸಿದೆ, ಬ್ಯಾಂಡಿನ ನಾಲ್ವರಿಗೂ.

ಪ್ಲಗ್ ಹಾಕಿಕೊಂಡು ಒಂದು ಸಲ, ಒಂದೇ ಸಲ, ನೋಡಿಬಿಡೋಣ ಎಂದು ಸಿಂಹಗಡದ ಕೆಳಗೆ ಗೆಳೆಯನ ಹೊಲಕ್ಕೆ ಟೆಂಪೋದಲ್ಲಿ ಒಯ್ದೆವು. ಮಧ್ಯಾಹ್ನ. 7ಕ್ಕೆ ಇಟ್ಟೆ. ಹತ್ತು ನಿಮಿಷ. ಪ್ಯಾಂಟಿನ ಬಟ್ಟೆ ಕಾಲಿಗೆ ಪಟಪಟ ಹೊಡೆಯುತ್ತಿತ್ತು. ಸ್ಟ್ರಿಂಗ್ ಮುಟ್ಟಿ ಕೈ ತೆಗೆದರೂ ಸ್ವರ ಸಾಯಲಿಲ್ಲ. ಹಾಗೇ ನಿಂತು, ನಿಧಾನಕ್ಕೆ ಒಂದು ಸಪ್ತಕ ಮೇಲಕ್ಕೆ ಹೊರಳಿತು. ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬೇರೆ ಸ್ವರ. ಗಿಟಾರಿನ ಕಟ್ಟಿಗೆ ಎದೆಗೆ ಒರಗಿ ನಡುಗುತ್ತಿತ್ತು, ಹಿಡಿದುಕೊಂಡ ಕುರಿಮರಿ ಥರ. ಬಾಗಿಲ ಹಿಂದೆ ಇಣುಕುತ್ತಿದ್ದದ್ದು ಒಳಗೆ ಬಂದಿತ್ತು. ಹೊಲದ ನಾಯಿ ಮಾತ್ರ ಸಂಜೆವರೆಗೆ ಮನೆಗೆ ಬರಲಿಲ್ಲ.

ಹೆಡ್ಡನ್ನು ಇಟ್ಟುಕೊಳ್ಳುತ್ತೇನೆ. ಅಟೆನ್ಯುಯೇಟರ್ ಬಂದಿದೆ, ಪ್ರಾಕ್ಟೀಸ್‌ಗೆ ಒಂದೇ ಸ್ಪೀಕರಿನ ಚಿಕ್ಕ ಪೆಟ್ಟಿಗೆ ಸಿಕ್ಕಿದೆ, ಅದನ್ನು ಕುರ್ಚಿ ಮೇಲೆ ವಾಲಿಸಿ ಇಡುತ್ತೇನೆ. ಹಾಡುವವಳು ಈಗ ಮೈಕ್ ಕೆಳಗಿಡುತ್ತಿಲ್ಲ. ದೊಡ್ಡ ಕ್ಯಾಬಿನೆಟ್ ಹೊಲದ ಮನೆಗೆ ಹೋಗುತ್ತದೆ. ಲಿಫ್ಟ್ ಇನ್ನೂ ಬಂದ್. ಭಾನುವಾರ ಬೆಳಿಗ್ಗೆ ಕೆಳಗಿಳಿಸಲು ಇಬ್ಬರು ಬೇಕು. ಕೊಥ್ರೂಡ್ ಕಡೆಯವರು ಯಾರಾದರೂ ಬರುತ್ತೀರಾ? ಜೋಳದ ರೊಟ್ಟಿ, ಎಣಗಾಯಿ ನನ್ನ ಕಡೆಯಿಂದ. ಕಾಕೂ ಕೇಳಿದರೆ ಫ್ರಿಜ್ ರಿಪೇರಿಗೆ ಹೋಗುತ್ತಿದೆ ಅನ್ನಿ.