ತೊಳೆದ ಮೇಲೆ ಇಣುಕುವ ಉಲ್ಲನ್ ತುದಿಗಳನ್ನು ಅಡಗಿಸುವುದು ಹೇಗೆ?

ಪ್ರಶ್ನೆ (ಕೋಥರೂಡ್, ಪುಣೆ):
ನಮಸ್ಕಾರ. ಅಕ್ಕನ ಮಗುವಿಗೆಂದು ತುಳಶೀಬಾಗ್‌ನಿಂದ ಅಕ್ರಿಲಿಕ್ ಉಲ್ಲನ್ ತಂದು ಹಳದಿ, ನೀಲಿ ಪಟ್ಟೆಗಳ ಸ್ವೆಟರ್ ಹೆಣೆದಿದ್ದೇನೆ. ಬಣ್ಣ ಬದಲಾದಲ್ಲೆಲ್ಲ ಎರಡೂ ಎಳೆಗಳಿಗೆ ಗಂಟು ಹಾಕಿ, ತುದಿಗಳನ್ನು ಒಳಮೈಯ ನಾಲ್ಕು ಕುಣಿಕೆಗಳಲ್ಲಿ ನೇರವಾಗಿ ತೂರಿಸಿ ಕತ್ತರಿಸಿದ್ದೆ. ಒಂದೇ ಸಲ ತೊಳೆದದ್ದಕ್ಕೆ ಏಳೆಂಟು ತುದಿಗಳು ಹೊರಬಂದಿವೆ. ಎದೆಯ ಮೇಲಿನ ಒಂದು ಗಂಟಂತೂ ನೀಲಿ ಪಟ್ಟೆಯ ನಡುವೆ ಕಡಲೆಬೇಳೆಯಂತೆ ಕುಳಿತಿದೆ. ಹೆಣಿಗೆ ಬಿಚ್ಚದೆ ಸರಿಪಡಿಸಬಹುದೇ?

ಉತ್ತರ (ಡೊಂಬಿವಲಿ):
ಖಂಡಿತ ಸರಿಪಡಿಸಬಹುದು. ಕುರಿಯ ಉಣ್ಣೆಯ ಎಳೆಗಳ ಮೇಲೆ ಸೂಕ್ಷ್ಮ ಹುರುಪೆಗಳಿರುವುದರಿಂದ ಅವು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಅಕ್ರಿಲಿಕ್ ನುಣುಪಾಗಿರುವುದರಿಂದ, ಒಂದೇ ದಿಕ್ಕಿನಲ್ಲಿ ತೂರಿಸಿದ ತುದಿ ಹೆಣಿಗೆ ಹಿಗ್ಗಿದಾಗಲೆಲ್ಲ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಮೊಂಡು ಮೊನೆಯ, ದೊಡ್ಡ ಕಣ್ಣಿನ ಸೂಜಿ ತೆಗೆದುಕೊಳ್ಳಿ. ಒಳಮೈಯನ್ನು ಬೆಳಕಿಗೆ ಹಿಡಿದರೆ ಮೇಲ್ಮುಖದ ಮತ್ತು ಕೆಳಮುಖದ ಪುಟ್ಟ ಕಮಾನುಗಳು ಒಂದರ ಪಕ್ಕ ಒಂದು ಕಾಣುತ್ತವೆ. ಸೂಜಿಯು ಮೂಲ ಎಳೆ ಸಾಗಿದ ಆ ಜಾಡನ್ನೇ ಹಿಡಿದು ಐದಾರು ಕುಣಿಕೆ ಹೋಗಿ, ಪಕ್ಕದ ಸಾಲಿಗೆ ಇಳಿದು, ಮೂರ್ನಾಲ್ಕು ಕುಣಿಕೆ ಹಿಂದಿರುಗಬೇಕು. ಈ ತಿರುವೇ ತುದಿಯನ್ನು ಹಿಡಿದಿಡುತ್ತದೆ, ಗಂಟಲ್ಲ. ಹಳದಿ ತುದಿ ಹಳದಿ ಪಟ್ಟೆಯಲ್ಲಿ, ನೀಲಿಯದು ನೀಲಿಯಲ್ಲಿ ಅಡಗಲಿ. ಎಳೆಯನ್ನು ಬಿಗಿಯಾಗಿ ಎಳೆದರೆ ಹೊರಮೈ ಸುಕ್ಕುಗಟ್ಟುತ್ತದೆ. ಆದ್ದರಿಂದ ನಡುನಡುವೆ ಹೆಣಿಗೆಯನ್ನು ಅಡ್ಡಲಾಗಿ ಹಿಗ್ಗಿಸಿ ನೋಡಿ.

ಸಲಹೆ (ಮಡಗಾಂವ್):
ತುದಿಗೆ ಊದುಬತ್ತಿಯ ಕೆಂಡ ತಾಗಿಸಿದರೆ ಅದು ಕರಗಿ ಅಂಟಿಕೊಳ್ಳುತ್ತದೆ. ಚೀಲಗಳಿಗೆ ನಾನು ಹಾಗೆಯೇ ಮಾಡುತ್ತೇನೆ.

ಉತ್ತರ (ಡೊಂಬಿವಲಿ):
ಚೀಲಕ್ಕೆ ಆದೀತು, ಮಗುವಿನ ಸ್ವೆಟರ್‌ಗೆ ದಯವಿಟ್ಟು ಬೇಡ. ಕರಗಿದ ಅಕ್ರಿಲಿಕ್ ಗಟ್ಟಿ ಕಾಳಾಗಿ ಚರ್ಮಕ್ಕೆ ಚುಚ್ಚುತ್ತದೆ.

ಪ್ರಶ್ನೆ (ಕೋಥರೂಡ್, ಪುಣೆ):
ನನ್ನಲ್ಲಿ ಉಳಿದಿರುವ ತುದಿಗಳು ಕೇವಲ 4 ಸೆಂ.ಮೀ. ಉದ್ದವಿವೆ. ಸೂಜಿಗೆ ಪೋಣಿಸಿದರೆ ಹೊಲಿಯಲು ಏನೂ ಉಳಿಯುವುದಿಲ್ಲ.

ಉತ್ತರ (ಡೊಂಬಿವಲಿ):
ಹಾಗಿದ್ದರೆ ಖಾಲಿ ಸೂಜಿಯನ್ನೇ ಮೊದಲು ಮೂರ್ನಾಲ್ಕು ಕಮಾನುಗಳಲ್ಲಿ ತೂರಿಸಿ, ಅದರ ಕಣ್ಣು ಗಿಡ್ಡ ತುದಿಯ ಪಕ್ಕಕ್ಕೆ ಬಂದಾಗ ಎಳೆಯನ್ನು ಪೋಣಿಸಿ ಸೂಜಿಯನ್ನು ಎಳೆದುಬಿಡಿ. ಹಿಂದಿರುಗಲು ಎಳೆ ಸಾಲದಿದ್ದರೆ ಅದೇ ಬಣ್ಣದ ಹೊಲಿಗೆ ದಾರದಿಂದ ಒಳಮೈಯಲ್ಲಿ ಎರಡು ಸಣ್ಣ ಹೊಲಿಗೆ ಹಾಕಿ. ಎದೆಯ ಗಂಟನ್ನು ಬಿಚ್ಚಲು ಹೋಗಬೇಡಿ, ತುದಿ ಗಿಡ್ಡವಾಗಿರುವಾಗ ಕುಣಿಕೆಯೇ ಕಳಚೀತು. ಸೂಜಿಯ ಮೊಂಡು ಮೊನೆಯಿಂದ ಒಳಕ್ಕೆ ತಳ್ಳಿ, ನಂತರವೇ ಅದರ ತುದಿಗಳನ್ನು ಹೊಲಿಯಿರಿ. ಮುಂದಿನ ಸಲ 15 ಸೆಂ.ಮೀ. ಬಿಟ್ಟು ಕತ್ತರಿಸಿ, ಹೊಲಿದ ಮೇಲೂ 1 ಸೆಂ.ಮೀ. ಉಳಿಸಿ, ಒಮ್ಮೆ ತೊಳೆದು ಒಣಗಿದ ಬಳಿಕವಷ್ಟೇ ಅದನ್ನು ಕತ್ತರಿಸಿ.