‘ಇಲಿಗೆ ವಿಷವಾದರೆ ನಮಗೇನು?’: ಕೆಮಿಸ್ಟ್ರಿ ಬ್ಯಾಚಿನ ಗುಂಪಿನಲ್ಲಿ

ರಘು: (ಫಾರ್ವರ್ಡ್) ‘ಅಂತರ್ಜಲದಲ್ಲಿ ಸ್ಫೋಟಕಗಳಾದ ಟಿಎನ್‌ಟಿ, ಆರ್‌ಡಿಎಕ್ಸ್ ಸಿಕ್ಕರೆ ಹೆದರಬೇಡಿ. ಅವು ವಿಷ ಅನ್ನೋದು ಇಲಿ, ನಾಯಿಗಳ ಮೇಲಿನ ಪ್ರಯೋಗದ ಮಾತಷ್ಟೇ.’

ರಘು: ಸರಿಯಾಗೇ ಇದೆ. ಹೊಟ್ಟೆಗೆ ನಳಿಗೆ ಇಳಿಸಿ ಮಿಲಿಗ್ರಾಂಗಟ್ಟಲೆ ಸುರಿದರೆ ಯಾವ ಇಲಿ ತಾನೇ ಉಳಿಯುತ್ತೆ?

ಗೀತಾ: ಟಿಎನ್‌ಟಿ ವಿಷ ಅಂತ ಮೊದಲು ಗೊತ್ತಾಗಿದ್ದು ಮನುಷ್ಯರಿಂದಲೇ ಕಣೋ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಶೆಲ್ ತುಂಬುತ್ತಿದ್ದ ಹೆಂಗಸರ ಮೈ ಹಳದಿಯಾಯ್ತು. ಲಿವರ್ ಕೆಟ್ಟು, ಕಾಮಾಲೆಯಾಗಿ ಸತ್ತವರೂ ಇದ್ದಾರೆ. ಎಷ್ಟೋ ವರ್ಷದ ಮೇಲೆ ಬೀಗಲ್ ನಾಯಿಗಳಿಗೆ 26 ವಾರ ಕೊಟ್ಟು ನೋಡಿದಾಗಲೂ ಪೆಟ್ಟು ಬಿದ್ದಿದ್ದು ಲಿವರಿಗೇ.

ನಾಗರಾಜ: ಆ ಹೆಂಗಸರು ದಿನವಿಡೀ ಪುಡಿಯಲ್ಲೇ ಕೆಲಸ ಮಾಡಿದ್ರು, ಚರ್ಮಕ್ಕೂ ಉಸಿರಿಗೂ ಹೋಗ್ತಿತ್ತು. ನೀರಲ್ಲಿರೋದು ಮೈಕ್ರೋಗ್ರಾಂ. ಎರಡೂ ಒಂದೇ ಹೇಗಾಗುತ್ತೆ ಗೀತಾ?

ಗೀತಾ: ಒಂದೇ ಅಂತ ಯಾರೂ ಹೇಳಿಲ್ಲ. ಆ ಅಂತರ ಲೆಕ್ಕ ಹಾಕಿಯೇ ಮಿತಿ ಇಡೋದು. ಆ ನಾಯಿಗಳಿಗೆ ಕೊಟ್ಟ ಅತಿ ಕಡಿಮೆ ಡೋಸ್, ದಿನಕ್ಕೆ ಕೆಜಿ ತೂಕಕ್ಕೆ 0.5 ಮಿಲಿಗ್ರಾಂ. ಅಷ್ಟಕ್ಕೇ ಲಿವರಿನಲ್ಲಿ ಬದಲಾವಣೆ ಕಂಡಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಅದನ್ನ 1000ದಿಂದ ಭಾಗಿಸಿತು. ನಾಯಿಗೂ ಮನುಷ್ಯರಿಗೂ ಇರೋ ವ್ಯತ್ಯಾಸಕ್ಕೆ 10, ಮನುಷ್ಯ ಮನುಷ್ಯರ ನಡುವಿನದಕ್ಕೆ 10. ಪ್ರಯೋಗ ಆರೇ ತಿಂಗಳದ್ದು, ತೊಂದರೆಯೇ ಇಲ್ಲದ ಡೋಸೂ ಸಿಗಲಿಲ್ಲ ಅಂತ ಇನ್ನೊಂದು 10.

ರಘು: ಅಂದ್ರೆ ಅದು ಊಹೆ ತಾನೇ?

ಸುಮಾ: ಎಚ್ಚರಿಕೆ ರಘು. ಆರ್‌ಡಿಎಕ್ಸ್ ನೋಡು. ಇಲಿಗಳಿಗೆ ಫಿಟ್ಸ್ ಬಂತು. ವಿಯೆಟ್ನಾಂ ಯುದ್ಧದಲ್ಲಿ ಆರ್‌ಡಿಎಕ್ಸಿನಿಂದ ಮಾಡಿದ ಸಿ-4 ಸ್ಫೋಟಕ ನುಂಗಿದ ಸೈನಿಕರಿಗೂ ಅದೇ ಫಿಟ್ಸ್. ಮಿದುಳಿನ ಉದ್ರೇಕಕ್ಕೆ ಕಡಿವಾಣ ಹಾಕೋ ಗಾಬಾ ಗ್ರಾಹಕಕ್ಕೆ ಅದು ಅಂಟಿಕೊಳ್ಳುತ್ತೆ. ಆ ಗ್ರಾಹಕ ಇಲಿಗೂ ಇದೆ, ನಮಗೂ ಇದೆ.

ನಾಗರಾಜ: ಒಪ್ದೆ. ಆದ್ರೆ ಸ್ಫೋಟಕ ಅಂದಕೂಡಲೇ ಎಲ್ಲವೂ ಒಂದೇ ಥರ ವಿಷ ಅನ್ನೋದೂ ತಪ್ಪು. ಎಚ್‌ಎಂಎಕ್ಸ್ ಆರ್‌ಡಿಎಕ್ಸಿನ ಹತ್ತಿರದ ನೆಂಟ, ಆದರೆ ಇಲಿಯ ಕರುಳಿಂದ ರಕ್ತಕ್ಕೆ ಸೇರೋದೇ ಕಮ್ಮಿ. ಕುಡಿಯೋ ನೀರಿಗೆ ಇಪಿಎ ಜೀವಮಾನದ ಸಲಹಾಮಿತಿ ಆರ್‌ಡಿಎಕ್ಸಿಗೆ ಲೀಟರಿಗೆ 2 ಮೈಕ್ರೋಗ್ರಾಂ, ಎಚ್‌ಎಂಎಕ್ಸಿಗೆ 400.

ಗೀತಾ: ನೋಡು, ಈ 2 ಮತ್ತು 400ರ ವ್ಯತ್ಯಾಸ ತಿಳಿದದ್ದೇ ಪ್ರಾಣಿಗಳ ಪ್ರಯೋಗದಿಂದ. ಅದನ್ನ ‘ಇಲಿ ಮಾತು’ ಅಂತ ತಳ್ಳಿಹಾಕಿದ್ರೆ ಬಾವಿ ನೀರು ಕುಡಿಯೋರಿಗೆ ಏನು ಹೇಳ್ತೀಯ?

ರಘು: ಸರಿ, ‘ಹೆದರಬೇಡಿ’ ಅನ್ನೋ ಸಾಲು ಅತಿಯಾಯ್ತು. ಆದ್ರೂ ಮಿತಿಯೊಳಗಿದ್ರೆ ಹೆದರೋ ಕಾರಣ ಇಲ್ಲ ಅಂತಲೇ ನನ್ನ ವಾದ.

ಸುಮಾ: ಒಂದೊಂದೇ ಇದ್ದಾಗ ಆ ವಾದ ನಿಲ್ಲುತ್ತೆ. ಈ ಮಿತಿಗಳಿಗೆ ಆಧಾರವಾದ ಪ್ರಯೋಗಗಳಲ್ಲಿ ಪ್ರಾಣಿಗೆ ಕೊಟ್ಟಿದ್ದು ಒಂದೇ ರಾಸಾಯನಿಕ. ಮದ್ದುಗುಂಡಿನ ಜಾಗದ ನೀರಲ್ಲಿ ಟಿಎನ್‌ಟಿ, ಆರ್‌ಡಿಎಕ್ಸ್, ಟಿಎನ್‌ಟಿ ತಯಾರಿಕೆಯಲ್ಲಿ ಬರೋ ಡಿಎನ್‌ಟಿ ಒಟ್ಟಿಗೇ ಇರಬಹುದು. ಅಲ್ಲಿ ಪ್ರತಿಯೊಂದೂ ಮಿತಿಯೊಳಗಿದೆ ಅಂದಮಾತ್ರಕ್ಕೆ ನಾನಂತೂ ಆ ನೀರನ್ನ ಮಕ್ಕಳಿಗೆ ಕೊಡಲ್ಲ.