ಹಡ್ಸನ್ ನದಿಯಲ್ಲಿ ಕಯಾಕ್: ದಿನಕ್ಕೆ 35 ಕಿ.ಮೀ. ಸಾಧ್ಯವೇ?

ಪ್ರಶ್ನೆ

ನಮಸ್ಕಾರ. ಇಂಗ್ಲಿಷ್ ನಾವಿಕ ಹೆನ್ರಿ ಹಡ್ಸನ್ 1609ರಲ್ಲಿ ‘ಹಾಫ್ ಮೂನ್’ ಹಡಗಿನಲ್ಲಿ ಸಾಗಿದ ನದಿಯನ್ನು ನೀರಿನ ಮೇಲಿಂದಲೇ ನೋಡಬೇಕೆಂಬ ಆಸೆಯಿಂದ, ಜೂನ್‌ನಲ್ಲಿ ನಾನೂ ನನ್ನ ತಮ್ಮನೂ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಿಂದ ದಕ್ಷಿಣಕ್ಕೆ ಮೂರು ದಿನ ಕಯಾಕ್‌ನಲ್ಲಿ ಹೋಗಬೇಕೆಂದಿದ್ದೇವೆ. ಕೆರೆಯಲ್ಲಿ ದಿನಕ್ಕೆ 20 ಕಿ.ಮೀ. ಹುಟ್ಟು ಹಾಕಿದ ಅನುಭವವಿದೆ. ಇಲ್ಲಿ ಹರಿವೂ ಜೊತೆಗೂಡುವುದರಿಂದ 35 ಕಿ.ಮೀ. ಎಂದು ಲೆಕ್ಕ ಹಾಕಿದ್ದೇವೆ. ಸರಿಯೇ?

ಉತ್ತರ 1

ಹರಿವು ಸದಾ ನಿಮ್ಮ ಜೊತೆಗಿರುತ್ತದೆ ಎಂದುಕೊಂಡಲ್ಲೇ ಲೆಕ್ಕ ತಪ್ಪಿದೆ. ಸಮುದ್ರದಿಂದ ಟ್ರಾಯ್‌ನ ಅಣೆಕಟ್ಟಿನವರೆಗೆ, ಸುಮಾರು 245 ಕಿ.ಮೀ. ಉದ್ದಕ್ಕೂ ಈ ನದಿಯಲ್ಲಿ ಉಬ್ಬರ–ಇಳಿತವಿದೆ. ಇಲ್ಲಿನ ಮೂಲನಿವಾಸಿಗಳಾದ ಮೊಹಿಕನ್ನರು ಇಟ್ಟ ಹೆಸರಿಗೆ ‘ಎರಡೂ ಕಡೆ ಹರಿಯುವ ನೀರು’ ಎಂದು ಅರ್ಥ ಹೇಳುವುದು ಸುಮ್ಮನೆ ಅಲ್ಲ. ಕ್ಯಾಟ್ಸ್‌ಕಿಲ್ ಬಳಿ ಊಟಕ್ಕೆಂದು ದಡದಲ್ಲಿ ಕುಳಿತಿದ್ದಾಗ, ಸ್ವಲ್ಪ ಹೊತ್ತಿಗೆ ಮುಂಚೆ ದಕ್ಷಿಣಕ್ಕೆ ಹೋಗಿದ್ದ ಒಂದು ಒಣಕೊಂಬೆ ನನ್ನೆದುರಿಗೇ ನಿಂತು, ತಿರುಗಿ, ಉತ್ತರಕ್ಕೆ ಹೊರಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಹರಿವು ಸುಮಾರು ಆರು ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ, ಆ ವೇಳೆ ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ಉಬ್ಬರದ ವೇಳಾಪಟ್ಟಿ, ಆಮೇಲೆ ದೂರ. ಇಳಿತ ಶುರುವಾದಾಗ ಹೊರಡಿ, ಅದು ಮುಗಿದಾಗ ದಡ ಸೇರಿ. ಉತ್ತರಕ್ಕೆ ಸಾಗುವಾಗ ಹಡ್ಸನ್ ಕೂಡ ಲಂಗರು ಹಾಕಿ ಉಬ್ಬರಕ್ಕಾಗಿ ಕಾದವನೇ.

ಉತ್ತರ 2

ಮೇಲಿನವರು ಹೇಳಿದ್ದು ನಿಜ, ಆದರೆ ದಡ ಸೇರುವುದು ಅಷ್ಟು ಸುಲಭವಲ್ಲ. ಎರಡೂ ದಡಗಳಲ್ಲಿ ಬಹುದೂರ ನೀರಿಗೆ ಅಂಟಿಕೊಂಡೇ ರೈಲುಹಳಿಗಳಿರುವುದರಿಂದ ಮೈಲಿಗಟ್ಟಲೆ ಬರೀ ಕಲ್ಲುಕಟ್ಟೆ ಸಿಗುತ್ತದೆ. ಜಲಪಥದ ನಕ್ಷೆಯಲ್ಲಿ ಇಳಿಯುವ ತಾಣಗಳನ್ನು ಮೊದಲೇ ಗುರುತಿಸಿಕೊಳ್ಳಿ. ದೊಡ್ಡ ಸರಕು ಹಡಗುಗಳು ಆಲ್ಬನಿಯವರೆಗೂ ಬರುತ್ತವೆ. ಕೆಂಪು–ಹಸಿರು ತೇಲುಗುರುತುಗಳ ನಡುವಿನ ದಾರಿ ಅವುಗಳದ್ದು, ನೀವು ಅದರ ಹೊರಗಿರಿ, ದಾಟಲೇಬೇಕಾದರೆ ನೇರ ಅಡ್ಡಲಾಗಿ ದಾಟಿಬಿಡಿ.

ಉತ್ತರ 3

ಇತಿಹಾಸವೇ ಮುಖ್ಯವಾದರೆ ಆಲ್ಬನಿಯನ್ನು ಬಿಟ್ಟು, ಇನ್ನೂ ದಕ್ಷಿಣಕ್ಕಿರುವ ಬೀಕನ್‌ನಿಂದ ಪೀಕ್‌ಸ್ಕಿಲ್‌ವರೆಗಿನ ಭಾಗವನ್ನು ಆರಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷ್ ಹಡಗುಗಳನ್ನು ತಡೆಯಲು 1778ರಲ್ಲಿ ವೆಸ್ಟ್ ಪಾಯಿಂಟ್‌ನಿಂದ ಕಾನ್‌ಸ್ಟಿಟ್ಯೂಷನ್ ದ್ವೀಪಕ್ಕೆ ಕಬ್ಬಿಣದ ಸರಪಳಿಯನ್ನು ಎಳೆದದ್ದು ಅಲ್ಲಿಯೇ. ಅಲ್ಲೇ ಏಕೆ ಎಂಬುದು ಹುಟ್ಟು ಹಾಕಿದವರಿಗೆ ತಾನೇ ತಿಳಿಯುತ್ತದೆ: ನದಿ ಕಿರಿದಾಗಿ, ಗುಡ್ಡಗಳ ನಡುವೆ ಗಕ್ಕನೆ ತಿರುಗುವ ಆ ಜಾಗದಲ್ಲಿ ಹಾಯಿಹಡಗು ವೇಗ ಕಳೆದುಕೊಳ್ಳಲೇಬೇಕು. ಇಳಿತಕ್ಕೆದುರಾಗಿ ದಕ್ಷಿಣದ ಗಾಳಿ ಬೀಸಿದರೆ ಅಲ್ಲಿ ಅಲೆಗಳು ಒತ್ತೊತ್ತಾಗಿ ಏಳುತ್ತವೆ, ಬೆಳಗ್ಗೆಯೇ ದಾಟಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬೀಕನ್‌ನಿಂದಲೇ ಹೊರಡುತ್ತೇವೆ, ದಿನಕ್ಕೆ 15 ಕಿ.ಮೀ. ಸಾಕು. ಜೂನ್‌ನಲ್ಲಿ ಮುಂಜಾನೆ ಇಳಿತವಿರುವ ದಿನಗಳನ್ನು ವೇಳಾಪಟ್ಟಿಯಲ್ಲಿ ಹುಡುಕುತ್ತಿದ್ದೇನೆ.